ಕಲ್ಪತರು ನಾಡಿನ ಊಟ: ಸಾಲ ಉಳಿಸದ ಆರತಕ್ಷತೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯಿಂದ ಬಂದಿದ್ದೀರಿ. ಸಂಘದಲ್ಲಿ ಸಾಲದ ಅರ್ಜಿ ಬಂದಾಗ ನಾವು ಮೊದಲು ಕೇಳೋದು ಕಾರಣ. ಹಸು ತರೋಕೆ, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ, ಆಮೇಲೆ ಮದುವೆಗೆ. ಹಸು ಹಾಲು ಕೊಟ್ಟು ಸಾಲ ತೀರಿಸುತ್ತೆ. ಯಂತ್ರ ಬಟ್ಟೆ ಹೊಲಿದು ತೀರಿಸುತ್ತೆ. ಮದುವೆ ಊಟ ಉಂಡವರು ಮಾತ್ರ ಕೈ ತೊಳೆದುಕೊಂಡು ಹೋಗ್ತಾರೆ. ಆ ಸಾಲ ತೀರಿಸೋಳು ಮನೆಯ ತಾಯಿ.

ಒಂದು ಲೆಕ್ಕ ಹಾಕೋಣ. ಆರತಕ್ಷತೆಗೆ 400 ಜನ ಅಂತ ಇಟ್ಟುಕೊಳ್ಳಿ. ಇಪ್ಪತ್ತೈದು ಬಗೆಯ ಊಟಕ್ಕೆ ಎಲೆಗೆ 400 ರೂಪಾಯಿ ಆದರೆ ಒಟ್ಟು 1,60,000 ರೂಪಾಯಿ. ಹತ್ತು ಬಗೆಯ ಊಟ ಎಲೆಗೆ 220 ರೂಪಾಯಿಯಲ್ಲಿ ಮುಗಿದರೆ 88,000 ರೂಪಾಯಿ. ವ್ಯತ್ಯಾಸ 72,000. ವಾರಕ್ಕೆ 50 ರೂಪಾಯಿ ಉಳಿತಾಯ ಕಟ್ಟುವ ಸದಸ್ಯೆ ಇಷ್ಟು ದುಡ್ಡು ಕೂಡಿಡೋಕೆ 1,440 ವಾರ ಬೇಕು. ಅಂದರೆ ಇಪ್ಪತ್ತೇಳು ವರ್ಷಕ್ಕೂ ಹೆಚ್ಚು! ಅದನ್ನೇ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಲ್ಲಿ ಸಾಲ ತಂದರೆ ಮೊದಲ ತಿಂಗಳ ಬಡ್ಡಿಯೇ 1,440 ರೂಪಾಯಿ.

ಇಷ್ಟು ಖರ್ಚು ಮಾಡಿದ್ದೆಲ್ಲ ಹೊಟ್ಟೆಗೆ ಹೋಗುತ್ತಾ? ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬೆಂಗಳೂರಿನ ಕಲ್ಯಾಣ ಮಂಟಪಗಳನ್ನು ಅಧ್ಯಯನ ಮಾಡಿ, 2012ರಲ್ಲಿ ವರದಿ ಕೊಟ್ಟರು. ಮದುವೆಗಳಲ್ಲಿ ವರ್ಷಕ್ಕೆ ಸುಮಾರು 943 ಟನ್ ಆಹಾರ ವ್ಯರ್ಥವಾಗುತ್ತೆ ಅನ್ನೋದು ಅವರ ಅಂದಾಜು. ಬಗೆ ಹೆಚ್ಚಾದಷ್ಟೂ ಎಲೆಯಲ್ಲಿ ಉಳಿಯೋದೂ ಹೆಚ್ಚು. ಗೋಬಿ ಮಂಚೂರಿ, ಪಲಾವು, ಮೂರು ಸಿಹಿ, ಐಸ್‌ಕ್ರೀಮು ಎಲ್ಲ ಬಡಿಸಿದ ಮೇಲೆ ಅನ್ನ ಸಾರು ಯಾರು ಉಣ್ಣುತ್ತಾರೆ ಹೇಳಿ?

“ಕಡಿಮೆ ಮಾಡಿದರೆ ಜನ ಏನಂತಾರೆ?” ಅಂತ ನೀವು ಕೇಳಬಹುದು. ನಿಜವಾದ ಭಯ ಇರೋದು ಅಲ್ಲೇ. ಇದಕ್ಕೆ ಒಂದು ಉಪಾಯ ಇದೆ. ಊಟಕ್ಕೆ ಒಂದು ಹೆಸರಿಡಿ. ಹೆಸರಿಲ್ಲದೆ ಬಗೆ ಕಡಿಮೆ ಮಾಡಿದರೆ ಜನ ಜಿಪುಣತನ ಅಂತಾರೆ. ಅದೇ ಊಟವನ್ನು “ಕಲ್ಪತರು ನಾಡಿನ ಊಟ” ಅಂತ ಕರೆದು, ಲಗ್ನಪತ್ರಿಕೆಯಲ್ಲೂ ಊಟದ ಮನೆ ಬಾಗಿಲಲ್ಲೂ ಬರೆದರೆ ವಿಶೇಷ ಅಂತಾರೆ. ತುಮಕೂರು ಜಿಲ್ಲೆಗೆ ತೆಂಗಿನಿಂದಲೇ ಕಲ್ಪತರು ನಾಡು ಎಂಬ ಹೆಸರು ಬಂದಿರುವುದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನೋಕೆ ಹೆದ್ದಾರಿಯಲ್ಲಿ ಹೋಗೋರು ಕಾರು ನಿಲ್ಲಿಸ್ತಾರೆ. ಪಕ್ಕದ ಸಿದ್ಧಗಂಗಾ ಮಠದ ದಾಸೋಹದಲ್ಲಿ ಮುದ್ದೆ, ಅನ್ನ, ಸಾರು ಉಂಡವರು ಯಾರಾದರೂ ಅದನ್ನು ಕೀಳು ಊಟ ಅಂದಿದ್ದು ಕೇಳಿದ್ದೀರಾ? ರಾಗಿಯ ಮರ್ಯಾದೆಯೂ ಹೆಚ್ಚಿದೆ. 2023ನೇ ಇಸವಿಯನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು.

ಈಗ ಎಲೆ ಹಾಕೋಣ. ಬಂದವರಿಗೆ ಮೊದಲು ಬೆಲ್ಲದ ಪಾನಕ. ಎಲೆಗೆ ಉಪ್ಪಿನಕಾಯಿ, ಹೆಸರುಬೇಳೆ ಕೋಸಂಬರಿ, ಕಾಯಿತುರಿ ಹಾಕಿದ ಒಂದು ಪಲ್ಯ, ಹಪ್ಪಳ. ಒಂದೇ ಸಿಹಿ, ಅದು ಕಾಯಿ ಹೋಳಿಗೆ. ಬಿಸಿಬಿಸಿ ಚಿಕ್ಕ ಮುದ್ದೆ, ಅದಕ್ಕೆ ಕಾಳಿನ ಸಾರು. ಮುದ್ದೆ ಉಣ್ಣದವರಿಗೆ ತಟ್ಟೆ ಇಡ್ಲಿ, ಕಾಯಿ ಚಟ್ನಿ. ಆಮೇಲೆ ಅನ್ನ, ತಿಳಿಸಾರು, ಮಜ್ಜಿಗೆ. ಕೊನೆಗೆ ಬಾಳೆಹಣ್ಣು, ಎಲೆ ಅಡಿಕೆ. ಮಾಂಸದೂಟ ಮಾಡೋ ಮನೆಯವರು ಕಾಳಿನ ಸಾರಿನ ಜಾಗಕ್ಕೆ ಕೋಳಿ ಸಾರು ಮಾಡಿ. ಬಿರಿಯಾನಿ, ಕಬಾಬ್, ಚಾಪ್ಸ್ ಅಂತ ಮೂರು ಮಾಡೋ ಬದಲು ಒಂದನ್ನೇ ಚೆನ್ನಾಗಿ, ಹೊಟ್ಟೆ ತುಂಬ ಬಡಿಸಿ.

ಕಾಲ ನೋಡಿ ಬದಲಾಯಿಸಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಾದರೆ ಹಿತಿಕಿದ ಅವರೆಬೇಳೆ ಸಾರು. ಏಪ್ರಿಲ್, ಮೇ ತಿಂಗಳಲ್ಲಾದರೆ ಮಾವಿನಕಾಯಿ ಚಿತ್ರಾನ್ನ, ಹಲಸಿನ ತೊಳೆ. ಗುಬ್ಬಿ ತಾಲ್ಲೂಕಿನವರಿಗೆ ಹಲಸಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಕೆಂಪು ತೊಳೆಯ “ಸಿದ್ದು” ಹಲಸು ನಿಮ್ಮ ಚೇಳೂರಿನದೇ. ಆ ಕಾಲದಲ್ಲಿ ಬೆಳೆದದ್ದು ಅಗ್ಗವೂ ಹೌದು, ರುಚಿಯೂ ಹೌದು.

ಅಳತೆ ಬರೆದುಕೊಳ್ಳಿ. ನೂರು ಜನರಿಗೆ ಚಿಕ್ಕ ಮುದ್ದೆಗೆ 5 ಕೆ.ಜಿ. ರಾಗಿಹಿಟ್ಟು ಸಾಕು. ಮುದ್ದೆ, ಇಡ್ಲಿ ಇರುವಾಗ ಅನ್ನಕ್ಕೆ ಏಳೆಂಟು ಕೆ.ಜಿ. ಅಕ್ಕಿ. ಮಜ್ಜಿಗೆಗೆ 5 ಲೀಟರ್ ಮೊಸರು ಕಡೆದರೆ 15 ಲೀಟರ್ ಆಗುತ್ತೆ. ಹೋಳಿಗೆ ತಲೆಗೊಂದು, ಮೇಲೆ ಹತ್ತು. ಕೊನೆಯ ನೂರು ಜನರ ಅಕ್ಕಿ, ಹಿಟ್ಟು ಅಳೆದು ಬೇರೆ ಇಡಿ, ಮೊದಲೇ ಬೇಯಿಸಬೇಡಿ. ಪಂಕ್ತಿ ನೋಡಿಕೊಂಡು ಒಲೆ ಮೇಲಿಡಿ. ಜನ ಬರದಿದ್ದರೆ ಅಕ್ಕಿ ಅಕ್ಕಿಯಾಗೇ ಮನೆಗೆ ವಾಪಸ್ ಬರುತ್ತೆ. ಕುಣಿಗಲ್ ಕಡೆಯವರು ಇದನ್ನು ಗಮನಿಸಿ. ನಿಮ್ಮ ನೆಂಟರು ಬೆಂಗಳೂರಿನಿಂದ ಕೆಲಸ ಮುಗಿಸಿ ತಡವಾಗಿ ಬರುತ್ತಾರೆ. ಸಂಜೆಗೇ ಎಲ್ಲ ಬೇಯಿಸಿಟ್ಟರೆ ರಾತ್ರಿಗೆ ಆರಿರುತ್ತೆ.

ಒಂದು ಎಚ್ಚರಿಕೆ. ತೆಂಗಿನಕಾಯಿ ಹಾಕಿದ ಚಟ್ನಿ, ಪಲ್ಯ ಬೇಸಿಗೆಯಲ್ಲಿ ಬೇಗ ಹಳಸುತ್ತೆ. ಚಟ್ನಿಯನ್ನು ಒಂದೇ ಸಲ ರುಬ್ಬದೆ ಎರಡು ಮೂರು ಸಲ ರುಬ್ಬಿಸಿ. ಕುಡಿಯುವ ನೀರು ಶುದ್ಧವಾಗಿರಲಿ. ಮರ್ಯಾದೆ ಹೋಗೋದು ಬಗೆ ಕಡಿಮೆಯಾದರೆ ಅಲ್ಲ, ಉಂಡವರಿಗೆ ಹೊಟ್ಟೆ ಕೆಟ್ಟರೆ.

ತುಮಕೂರು ನಗರದಲ್ಲಿ ಮಂಟಪ ಹಿಡಿಯೋರು ಮುಂಗಡ ಕೊಡೋ ಮೊದಲೇ ಕೇಳಿ. ಹೊರಗಿನ ಅಡುಗೆಯವರನ್ನು ಬಿಡ್ತಾರಾ? ಪಾತ್ರೆ, ಗ್ಯಾಸು, ಬಡಿಸೋರ ಕೂಲಿ ಬೇರೆಯಾ? ಎಲೆ ಲೆಕ್ಕವನ್ನು ಎರಡೂ ಕಡೆಯವರು ಸೇರಿ ಎಣಿಸಬೇಕು ಅಂತ ಚೀಟಿಯಲ್ಲಿ ಬರೆಸಿ. ಬಾಯಿಮಾತು ಬೇಡ.

ಇನ್ನು ಬೀಗರ ವಿಷಯ. “ಗಂಡಿನ ಕಡೆಯವರು ಒಪ್ಪಲ್ಲ” ಅಂತ ನಾವೇ ಅಂದುಕೊಂಡು ಸುಮ್ಮನಾಗ್ತೀವಿ. ನಿಶ್ಚಿತಾರ್ಥದ ದಿನವೇ ಎದುರು ಕೂತು ಹೇಳಿ, “ಹತ್ತೇ ಬಗೆ ಮಾಡ್ತೀವಿ, ಯಾರಿಗೂ ಕಡಿಮೆಯಾಗದ ಹಾಗೆ ಬಡಿಸ್ತೀವಿ, ಉಳಿದ ದುಡ್ಡು ಹುಡುಗ ಹುಡುಗಿ ಹೆಸರಲ್ಲಿ ಠೇವಣಿ ಇಡ್ತೀವಿ.” ಈ ಮಾತನ್ನು ತಂದೆಯ ಜೊತೆ ತಾಯಿಯೂ ಆಡಬೇಕು. ಮದುಮಗಳೂ ಹೇಳಲಿ. ಅವಳ ಮದುವೆ ತಾನೇ? ಮದುವೆಗೆ ಮುಂಚೆ ಊಟದ ಬಗೆ ಮಾತಾಡೋಕೆ ಬಿಡದ ಮನೆ, ಆಮೇಲೆ ಅವಳನ್ನು ಯಾವ ವಿಷಯ ಮಾತಾಡೋಕೆ ಬಿಡುತ್ತೆ?

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಮಾತು. ಈ ಊಟದಲ್ಲಿ ಇರೋದೆಲ್ಲ ನಮ್ಮ ಕೈಗೆ ಗೊತ್ತಿರೋ ಅಡುಗೆ. ಹಪ್ಪಳ, ಉಪ್ಪಿನಕಾಯಿ ಒಂದು ಸಂಘ ಮಾಡಲಿ. ರಾಗಿಹಿಟ್ಟು ಇನ್ನೊಂದು ಸಂಘ ಒದಗಿಸಲಿ. ಹೋಳಿಗೆ ತಟ್ಟೋಕೆ, ಬಡಿಸೋಕೆ ಐದಾರು ಜನ ಕೂಲಿಗೆ ಹೋಗಲಿ. ಆಗ ಮದುವೆ ಮನೆಯ ದುಡ್ಡಿನಲ್ಲಿ ಒಂದು ಪಾಲು ನಮ್ಮ ಸದಸ್ಯೆಯರ ಕೈಗೇ ಬರುತ್ತೆ. ಮುಂದಿನ ವಾರದ ಸಭೆಯಲ್ಲಿ ಒಂದು ಕೆಲಸ ಮಾಡಿ. ಈ ವರ್ಷ ಯಾರ ಮನೆಯಲ್ಲಿ ಮದುವೆ ಇದೆ ಅಂತ ಕೇಳಿ, ಸಾಲದ ಅರ್ಜಿ ಬರೆಯೋ ಮೊದಲು ಆ ತಾಯಿಯ ಜೊತೆ ಕೂತು ಊಟದ ಪಟ್ಟಿ ಬರೆಯಿರಿ. ಪಟ್ಟಿ ಚಿಕ್ಕದಾದರೆ ಅರ್ಜಿಯೂ ಚಿಕ್ಕದಾಗುತ್ತೆ.