ಆನೆ ಕೊಳ್ಳುವ ಮೊದಲು: ಸಣ್ಣ ದೇಶಗಳು ಮತ್ತು ದುಬಾರಿ ಯುದ್ಧವಿಮಾನಗಳು

(ಮಹಿಳಾ ವೇದಿಕೆಯ ಮಾತುಕತೆ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಕೂಡಲೇ ಬಂದ ಮೊದಲ ಪ್ರಶ್ನೆ, "ಮಹಿಳಾ ವೇದಿಕೆಯಲ್ಲಿ ಫೈಟರ್ ಜೆಟ್ ಯಾಕ್ರೀ?" ಎಂದು. ಉತ್ತರ ಸರಳ. ವಾಷಿಂಗ್ ಮಷೀನಿನ ವಾರಂಟಿ ಕಾರ್ಡು ಯಾವ ಡ್ರಾಯರಿನಲ್ಲಿದೆ ಎಂದು ಗೊತ್ತಿರುವವರು ನಾವು. ನೀರಿನ ಪ್ಯೂರಿಫೈಯರಿನ ಎಎಂಸಿ ವರ್ಷವರ್ಷವೂ ಏರುವುದನ್ನು ನೋಡಿ ಜಗಳ ತೆಗೆಯುವವರೂ ನಾವೇ. ಯುದ್ಧವಿಮಾನದ ವ್ಯಾಪಾರವೂ ಕೊನೆಗೆ ಇದೇ ಲೆಕ್ಕ. ಸೊನ್ನೆಗಳು ಹೆಚ್ಚು, ಅಷ್ಟೆ.

ಪುಣೆಯಲ್ಲಿರುವ ನಮಗೆ ಈ ವಿಮಾನಗಳು ಹೊಸತೇನಲ್ಲ. ಲೋಹೆಗಾಂವ್ ನೆಲೆಯಿಂದ ಸುಖೋಯ್ ಮೇಲೆದ್ದರೆ ವಿಮಾನ ನಗರದಲ್ಲಿ ಮಾತು ನಿಲ್ಲಿಸಬೇಕು. ಆಫೀಸಿನ ಕಾಲ್‌ನಲ್ಲಿದ್ದರೆ ಮ್ಯೂಟ್ ಒತ್ತಿ ಕಾಯಬೇಕು. ಆದರೆ ಭಾರತ ದೊಡ್ಡ ದೇಶ, ನಮ್ಮ ನೆರೆಹೊರೆಯ ಕಥೆಯೇ ಬೇರೆ. ನಾನು ಹೇಳಹೊರಟಿರುವುದು ಸಣ್ಣ ದೇಶಗಳ ಬಗ್ಗೆ, ಅದರಲ್ಲೂ ಮುಖ್ಯವಾಗಿ ಸ್ವಿಟ್ಜರ್ಲೆಂಡ್ ಬಗ್ಗೆ. ಯಾಕೆಂದರೆ ಅಲ್ಲಿ ಈ ಪ್ರಶ್ನೆಯನ್ನು ಮಂತ್ರಿಗಳಷ್ಟೇ ತೀರ್ಮಾನಿಸುವುದಿಲ್ಲ, ಜನರೂ ಮತ ಹಾಕುತ್ತಾರೆ.

ಮೊದಲು ಅಳತೆ ತಿಳಿದುಕೊಳ್ಳೋಣ. ಸ್ವಿಟ್ಜರ್ಲೆಂಡ್ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕದು. ಜನಸಂಖ್ಯೆ ಸುಮಾರು 90 ಲಕ್ಷ, ಅಂದರೆ ಬೆಂಗಳೂರಿಗಿಂತ ಕಡಿಮೆ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 350 ಕಿಲೋಮೀಟರ್. ಶಬ್ದದ ವೇಗದಲ್ಲಿ ಹಾರುವ ವಿಮಾನ ಇಡೀ ದೇಶವನ್ನು ಇಪ್ಪತ್ತು ನಿಮಿಷದೊಳಗೆ ದಾಟಿಬಿಡುತ್ತದೆ. ಕುಕ್ಕರ್ ಇಟ್ಟು ಅನ್ನ ಆಗುವಷ್ಟು ಹೊತ್ತು. ಇಷ್ಟು ಚಿಕ್ಕ ಆಕಾಶಕ್ಕೆ ಜಗತ್ತಿನ ಅತ್ಯಾಧುನಿಕ ವಿಮಾನ ಬೇಕೇ?

2014ರ ಫೆಬ್ರವರಿ 17ರಂದು ನಡೆದ ಒಂದು ಘಟನೆ ಕೇಳಿ. ಅಡಿಸ್ ಅಬಾಬಾದಿಂದ ರೋಮಿಗೆ ಹೊರಟಿದ್ದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನವನ್ನು ಅದರ ಸಹಪೈಲಟ್ಟೇ ಅಪಹರಿಸಿ ಜಿನೀವಾ ಕಡೆಗೆ ತಿರುಗಿಸಿದ. ಒಳಗೆ ಇನ್ನೂರು ಜನ. ಬೆಳಗಿನ ಜಾವ ವಿಮಾನ ಸ್ವಿಸ್ ಗಡಿ ದಾಟುವಾಗ ಅದರ ಜೊತೆಗಿದ್ದದ್ದು ಸ್ವಿಸ್ ವಾಯುಪಡೆಯಲ್ಲ. ಮೊದಲು ಇಟಲಿಯ ಯುದ್ಧವಿಮಾನಗಳು, ಆಮೇಲೆ ಫ್ರಾನ್ಸಿನವು. ಸ್ವಿಸ್ ವಾಯುಪಡೆ ಎಲ್ಲಿತ್ತು? ಮನೆಯಲ್ಲಿ. ಆಗ ಅವರದು ಕಚೇರಿ ವೇಳೆ: ಬೆಳಿಗ್ಗೆ 8ರಿಂದ 12, ಊಟದ ಬಿಡುವು, ಮತ್ತೆ ಒಂದೂವರೆಯಿಂದ 5. ಶನಿವಾರ ಭಾನುವಾರ ರಜೆ. ನಾವೇನೂ ಸುಮ್ಮನೆ ಅಸೂಯೆಪಡುವುದಿಲ್ಲ ನೋಡಿ! ಪುಣ್ಯಕ್ಕೆ ವಿಮಾನ ಸುರಕ್ಷಿತವಾಗಿ ಇಳಿಯಿತು, ಆತ ಆಶ್ರಯ ಕೇಳಿ ಶರಣಾದ.

ಜಗತ್ತೆಲ್ಲ ನಕ್ಕಿತು. ಆದರೆ ಆ ದಿನ ಸ್ವಿಟ್ಜರ್ಲೆಂಡಿನ ಬಳಿ ವಿಮಾನಗಳಿಗೇನೂ ಬರವಿರಲಿಲ್ಲ. 1993ರಲ್ಲಿ ಜನಮತ ಗೆದ್ದು ತಂದ ಅಮೆರಿಕದ ಎಫ್/ಎ-18ಗಳು ಶೆಡ್ಡಿನಲ್ಲಿ ನಿಂತಿದ್ದವು. ಇರಲಿಲ್ಲವಾದ್ದು ಬೆಳಗಿನ ಪಾಳಿಯ ಜನ. ಆಮೇಲೆ ಸರ್ಕಾರ ಹಂತಹಂತವಾಗಿ ಕಾವಲಿನ ವೇಳೆ ಹೆಚ್ಚಿಸಿತು, ಸುಮಾರು ನೂರು ಹೊಸ ಹುದ್ದೆಗಳನ್ನು ಲೆಕ್ಕ ಹಾಕಿತು, 2020ರ ಡಿಸೆಂಬರ್ 31ರಿಂದ ಇಪ್ಪತ್ನಾಲ್ಕು ಗಂಟೆಯೂ ಎರಡು ಸಶಸ್ತ್ರ ವಿಮಾನ ಸಿದ್ಧವಾಗಿರುವಂತೆ ಮಾಡಿತು. ಅವು ಅದೇ ಹಳೆಯ ಎಫ್/ಎ-18ಗಳು! ಹೊಸ ವಿಮಾನ ಬೇಕು ಎನ್ನುವವರು ಜಿನೀವಾದ ಈ ಕಥೆಯನ್ನು ಹೇಳುವಾಗ ಈ ಅರ್ಧವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅದೇ ವರ್ಷ ಮೇ 18ರಂದು ಸ್ವಿಸ್ ಜನ ಇನ್ನೊಂದು ಪ್ರಶ್ನೆಗೆ ಮತ ಹಾಕಿದರು. ಸ್ವೀಡನ್ನಿನ 22 ಗ್ರಿಪೆನ್ ವಿಮಾನಗಳನ್ನು 310 ಕೋಟಿ ಫ್ರಾಂಕ್ ಚಿಲ್ಲರೆಗೆ ಕೊಳ್ಳಬೇಕೇ ಎಂದು. ಈ ಪ್ರಚಾರದಲ್ಲಿ ರಕ್ಷಣಾ ಮಂತ್ರಿ ಊಲಿ ಮೌರರ್ ಸಭೆಯೊಂದರಲ್ಲಿ ಒಂದು ತಮಾಷೆ ಮಾಡಿದರು. ಮೂವತ್ತು ವರ್ಷ ಹಳೆಯ ಸಾಮಾನು ನಿಮ್ಮ ಮನೆಯಲ್ಲಿ ಎಷ್ಟು ಉಳಿದಿದೆ, ನಮ್ಮಲ್ಲಂತೂ ಹೆಚ್ಚಿಲ್ಲ, ಮನೆಗೆಲಸ ನೋಡಿಕೊಳ್ಳುವ ಹೆಂಡತಿಯನ್ನು ಬಿಟ್ಟರೆ, ಎನ್ನುವ ಅರ್ಥದ ಮಾತು. ಹಳೆಯ ವಿಮಾನ ಬದಲಿಸಬೇಕು ಎನ್ನಲು ಆ ಮನುಷ್ಯನಿಗೆ ಸಿಕ್ಕ ಹೋಲಿಕೆ ಇದು! ದೊಡ್ಡ ಗದ್ದಲವಾಯಿತು. ಮತ ಎಣಿಸಿದಾಗ ಶೇಕಡಾ 53ಕ್ಕೂ ಹೆಚ್ಚು ಜನ ಬೇಡ ಎಂದಿದ್ದರು. ಆ ತಮಾಷೆಯಿಂದಲೇ ಸೋತರು ಎಂದು ನಾನು ಹೇಳುವುದಿಲ್ಲ, ಬೆಲೆಯ ಬಗ್ಗೆಯೂ ಅನುಮಾನಗಳಿದ್ದವು. ಆದರೆ ಈ ದೇಶದಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಬಂದದ್ದೇ 1971ರಲ್ಲಿ, ನಮಗಿಂತ ಇಪ್ಪತ್ತು ವರ್ಷ ತಡವಾಗಿ. ಒಂದು ಪ್ರಾಂತ್ಯದಲ್ಲಿ ಸ್ಥಳೀಯ ಮತದ ಹಕ್ಕಿಗೆ 1990ರವರೆಗೆ, ಕೋರ್ಟಿನ ತೀರ್ಪಿನವರೆಗೆ ಕಾಯಬೇಕಾಯಿತು. ಅಂಥ ಹೆಂಗಸರ ಎದುರು ಆಡುವ ಮಾತೇ ಅದು?

ಮುಂದಿನ ಸಲ ಪ್ರಶ್ನೆ ಬಂದದ್ದು 2020ರ ಸೆಪ್ಟೆಂಬರ್ 27ರಂದು. ಆಗ ರಕ್ಷಣಾ ಮಂತ್ರಿ ವಿಯೋಲಾ ಆಮ್ಹೆರ್ಡ್, ಆ ಖಾತೆ ಹಿಡಿದ ಮೊದಲ ಮಹಿಳೆ. ಈ ಸಲ ಸರ್ಕಾರ ಜಾಣತನ ಮಾಡಿತು. ಯಾವ ವಿಮಾನ ಎಂದು ಹೇಳಲೇ ಇಲ್ಲ. ಗರಿಷ್ಠ 600 ಕೋಟಿ ಫ್ರಾಂಕ್ ಖರ್ಚಿಗೆ ಒಪ್ಪಿಗೆ ಕೊಡಿ, ಮಾದರಿಯನ್ನು ಆಮೇಲೆ ಆರಿಸುತ್ತೇವೆ ಎಂದಿತು. ಒಂದು ಫ್ರಾಂಕಿಗೆ ಸುಮಾರು ನೂರು ರೂಪಾಯಿ ಹಿಡಿದರೂ ಇದು 60 ಸಾವಿರ ಕೋಟಿ ರೂಪಾಯಿ. ಮೂವತ್ತೆರಡು ಲಕ್ಷ ಮತಗಳು ಬಿದ್ದವು, ಒಂಬತ್ತು ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ "ಹೌದು" ಗೆದ್ದಿತು. ಮುಂದಿನ ಜೂನಿನಲ್ಲಿ ಸರ್ಕಾರ ಆರಿಸಿದ್ದು ಅಮೆರಿಕದ ಎಫ್-35. ಒಟ್ಟು 36. ಈ ವಿಮಾನ 2025ರಲ್ಲಿ ಯಲಹಂಕದ ಏರೋ ಇಂಡಿಯಾಕ್ಕೂ ಬಂದಿತ್ತು, ನಿಮ್ಮಲ್ಲಿ ಕೆಲವರು ನೋಡಿರಬಹುದು.

ಸರ್ಕಾರದ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಖರೀದಿ ಮತ್ತು ಮೂವತ್ತು ವರ್ಷದ ನಿರ್ವಹಣೆ ಸೇರಿ 1,550 ಕೋಟಿ ಫ್ರಾಂಕ್ ಆಗುತ್ತದೆ, ನಾಲ್ಕು ಸ್ಪರ್ಧಿಗಳಲ್ಲಿ ಎಫ್-35 ಅಗ್ಗವೇ ಎಂದು ಅದು ಲೆಕ್ಕ ಕೊಟ್ಟಿತು. ಕೊಳ್ಳುವ ಬೆಲೆಯ ಜೊತೆ ಸಾಕುವ ಬೆಲೆಯನ್ನೂ ಎದುರಿಗಿಟ್ಟ ಸರ್ಕಾರಗಳು ಕಡಿಮೆ. ಆದರೆ ಆ ಅಂಕಿಯನ್ನೇ ಇನ್ನೊಮ್ಮೆ ನೋಡಿ. ವಿಮಾನಕ್ಕೆ 600, ಅದನ್ನು ಸಾಕಲು ಅದರ ಒಂದೂವರೆ ಪಟ್ಟು. ಆನೆ ಕೊಳ್ಳಲು ಒಂದು ಚೀಲ, ಆನೆಗೆ ಮೇವು ಹಾಕಲು ಒಂದೂವರೆ ಚೀಲ.

ಮೇವಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಲೇಷ್ಯಾ ಇದೆ. ತೀರಾ ಸಣ್ಣ ದೇಶವಲ್ಲ, ಬಡ ದೇಶವೂ ಅಲ್ಲ. ರಷ್ಯಾದಿಂದ ಮಿಗ್-29, ಸುಖೋಯ್-30 ತಂದಿತು. 2018ರಲ್ಲಿ ಅಲ್ಲಿನ ರಕ್ಷಣಾ ಮಂತ್ರಿ ಸಂಸತ್ತಿಗೆ ಹೇಳಿದ್ದು, ಇರುವ 28 ರಷ್ಯನ್ ವಿಮಾನಗಳಲ್ಲಿ ಹಾರುವ ಸ್ಥಿತಿಯಲ್ಲಿರುವುದು ನಾಲ್ಕೇ ನಾಲ್ಕು ಎಂದು. ಉಳಿದವು ರಿಪೇರಿಯಲ್ಲಿ. ಪಾಠ ಕಲಿತಿರಬೇಕು, 2023ರಲ್ಲಿ ಕೊರಿಯಾದ ಹಗುರ, ಸಾಧಾರಣ ಬೆಲೆಯ ಎಫ್ಎ-50 ವಿಮಾನಗಳನ್ನು 18 ಕೊಂಡಿತು. ಆ ಸ್ಪರ್ಧೆಯಲ್ಲಿ ನಮ್ಮ ಬೆಂಗಳೂರಿನ ಎಚ್ಎಎಲ್ ತೇಜಸ್ ಕೂಡ ಇತ್ತು, ಸೋತಿತು. ಬೇಸರವೇ. ಆದರೆ ಹಗುರ ವಿಮಾನ ಸಾಕು ಎಂಬ ಅವರ ತೀರ್ಮಾನ ಸರಿ ಎಂದು ನನಗನ್ನಿಸುತ್ತದೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಆಧುನಿಕ ಯುದ್ಧವಿಮಾನ ಸಾಫ್ಟ್‌ವೇರ್ ಇಲ್ಲದೆ ನೆಲ ಬಿಡುವುದಿಲ್ಲ. 2023ರ ಜುಲೈನಿಂದ ಸುಮಾರು ಒಂದು ವರ್ಷ ಅಮೆರಿಕದ ಸೇನೆಯೇ ಹೊಸ ಎಫ್-35ಗಳನ್ನು ಕಾರ್ಖಾನೆಯಿಂದ ತೆಗೆದುಕೊಳ್ಳಲಿಲ್ಲ. ವಿಮಾನ ಸಿದ್ಧ, ಎಂಜಿನ್ ಸಿದ್ಧ, ಹೊಸ ಕಂಪ್ಯೂಟರ್ ವ್ಯವಸ್ಥೆಯ ಸಾಫ್ಟ್‌ವೇರ್ ಮಾತ್ರ ಪರೀಕ್ಷೆ ದಾಟಿರಲಿಲ್ಲ. ನಮ್ಮ ಪ್ರಾಜೆಕ್ಟುಗಳಲ್ಲಿ ರಿಲೀಸ್ ಮುಂದೆ ಹೋದರೆ ಕ್ಲೈಂಟ್ ಮುಖ ಗಂಟಿಕ್ಕುತ್ತಾನೆ. ಇಲ್ಲಿ ಕೋಟಿಗಟ್ಟಲೆ ಬೆಲೆಯ ವಿಮಾನಗಳೇ ಸಾಲಾಗಿ ನಿಂತು ಕಾದವು.

2025ರಲ್ಲಿ ಯುರೋಪಿನಲ್ಲಿ ಒಂದು ಗುಲ್ಲು ಎದ್ದಿತು. ಎಫ್-35ರಲ್ಲಿ ಅಮೆರಿಕ ದೂರದಿಂದಲೇ ಒತ್ತಿ ನಿಲ್ಲಿಸುವ "ಕಿಲ್ ಸ್ವಿಚ್" ಇದೆಯಂತೆ ಎಂದು. ಅಮೆರಿಕ ನಿರಾಕರಿಸಿತು. ಅಂಥ ಗುಂಡಿ ಇಲ್ಲ ಎಂದೇ ನನ್ನ ಅಂದಾಜು, ಬೇಕಾಗಿಯೂ ಇಲ್ಲ. ಬಿಡಿಭಾಗ ನಿಲ್ಲಿಸಿದರೆ, ಅಪ್‌ಡೇಟ್ ಕೊಡದಿದ್ದರೆ ವಿಮಾನ ತಾನಾಗಿಯೇ ನೆಲ ಹಿಡಿಯುತ್ತದೆ. ವೆನೆಜುವೆಲಾ 1980ರ ದಶಕದಲ್ಲಿ ಅಮೆರಿಕದಿಂದಲೇ ಎಫ್-16 ಕೊಂಡಿತ್ತು. ಸಂಬಂಧ ಕೆಟ್ಟಮೇಲೆ, 2006ರಲ್ಲಿ ಅಮೆರಿಕ ಶಸ್ತ್ರ ಮಾರಾಟ ನಿಷೇಧಿಸಿತು, ಬಿಡಿಭಾಗವೂ ನಿಂತಿತು. ದುಡ್ಡು ಕೊಟ್ಟವರ ಅಂಗಳದಲ್ಲಿ ವಿಮಾನ, ಬೀಗದ ಕೈ ಮಾರಿದವರ ಸೊಂಟದಲ್ಲಿ.

ಹಾಗಾದರೆ ಸಣ್ಣ ದೇಶಗಳು ವಿಮಾನ ಕೊಳ್ಳಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ಫಿನ್ಲೆಂಡನ್ನು ನೋಡಿ. ಐವತ್ತಾರು ಲಕ್ಷ ಜನ, ರಷ್ಯಾದೊಂದಿಗೆ 1,300 ಕಿಲೋಮೀಟರಿಗೂ ಉದ್ದದ ಗಡಿ. 2021ರ ಡಿಸೆಂಬರಿನಲ್ಲಿ, ಉಕ್ರೇನ್ ಯುದ್ಧ ಶುರುವಾಗುವ ಮೊದಲೇ, 64 ಎಫ್-35 ಆರಿಸಿದರು. ಹೆದ್ದಾರಿಯ ಮೇಲೆ ವಿಮಾನ ಇಳಿಸುವ ಅಭ್ಯಾಸವನ್ನು ಅವರು ಬಹುಕಾಲದಿಂದ ಮಾಡುತ್ತಿದ್ದಾರೆ, ಮೊದಲ ಏಟು ವಾಯುನೆಲೆಗೇ ಬೀಳುತ್ತದೆ ಎಂದು ಗೊತ್ತಿರುವುದರಿಂದ. ಅಂಥ ನೆರೆಯವನಿದ್ದರೆ ನಾನೂ ಕೈ ಎತ್ತುತ್ತಿದ್ದೆ. ಇನ್ನೊಂದು ತುದಿಯಲ್ಲಿ ನ್ಯೂಜಿಲೆಂಡ್. ಸುತ್ತ ನೀರು. ಹೆಲೆನ್ ಕ್ಲಾರ್ಕ್ ಪ್ರಧಾನಿಯಾಗಿದ್ದಾಗ 28 ಎಫ್-16ಗಳ ಒಪ್ಪಂದ ರದ್ದು ಮಾಡಿ, 2001ರಲ್ಲಿ ಯುದ್ಧವಿಮಾನದ ದಳವನ್ನೇ ಮುಚ್ಚಿದರು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಿಗೆ ಸ್ವಂತ ಯುದ್ಧವಿಮಾನವಿಲ್ಲ. 2004ರಿಂದ ನ್ಯಾಟೋದ ಮಿತ್ರದೇಶಗಳು ಸರದಿಯ ಮೇಲೆ ಬಂದು ಅವರ ಆಕಾಶ ಕಾಯುತ್ತಿವೆ. ಜೆಕ್ ಗಣರಾಜ್ಯ 14 ಗ್ರಿಪೆನ್‌ಗಳನ್ನು ಬಾಡಿಗೆಗೆ ತಂದಿತು. ಬಾಡಿಗೆ ಮನೆಯಲ್ಲಿರುವ ನಮಗೆ ಅದರಲ್ಲಿ ಅವಮಾನವೇನೂ ಕಾಣುವುದಿಲ್ಲ, ಅಲ್ಲವೇ?

ಆಸ್ಟ್ರಿಯಾ ಒಂದು ಎಚ್ಚರಿಕೆ. 2002ರಲ್ಲಿ 24 ಯೂರೋಫೈಟರ್ ಎಂದು ಹೊರಟರು. ಅದೇ ಆಗಸ್ಟಿನಲ್ಲಿ ಭಾರಿ ಪ್ರವಾಹ ಬಂತು, ದುಡ್ಡು ಅತ್ತ ಬೇಕಾಯಿತು, 18 ಎಂದರು. ಆಮೇಲೆ 15ಕ್ಕೆ ಇಳಿಸಿ, ಕೆಲವು ಉಪಕರಣಗಳನ್ನೂ ಕೈಬಿಟ್ಟರು. ನಾಲ್ಕು ಬೆಡ್‌ರೂಮಿನ ಮನೆಗೆ ಮುಂಗಡ ಕೊಟ್ಟು, ಎರಡಕ್ಕೆ ಇಳಿದು, ಬಾಗಿಲು ಹಾಕಿಸದೆ ಗೃಹಪ್ರವೇಶ ಮಾಡಿದ ಹಾಗೆ.

ದುಬಾರಿ ವಿಮಾನದ ಬಗ್ಗೆ ನನಗಿರುವ ಇನ್ನೊಂದು ಅನುಮಾನ ಉಕ್ರೇನಿನಿಂದ ಬಂದದ್ದು. ಅಷ್ಟು ದೊಡ್ಡ ರಷ್ಯನ್ ವಾಯುಪಡೆ ಉಕ್ರೇನಿನ ಮೇಲೆ ಮನಬಂದಂತೆ ಹಾರಲಾರದೆ ಹೋದದ್ದು ಮುಖ್ಯವಾಗಿ ನೆಲದಿಂದ ಹಾರಿಸುವ ಕ್ಷಿಪಣಿಗಳಿಂದ. 2025ರ ಸೆಪ್ಟೆಂಬರಿನಲ್ಲಿ ರಷ್ಯಾದ ಡ್ರೋನ್‌ಗಳು ಪೋಲೆಂಡಿಗೆ ನುಗ್ಗಿದಾಗ ಅವುಗಳನ್ನು ಹೊಡೆಯಲು ಎದ್ದದ್ದು ನೆದರ್ಲೆಂಡ್ಸಿನ ಎಫ್-35ಗಳು. ಅಗ್ಗದ ಸಾಮಾನಿನಲ್ಲಿ ಮಾಡಿದ ಡ್ರೋನಿಗೆ ಕೋಟಿ ಬೆಲೆಯ ಕ್ಷಿಪಣಿ. ಸೊಳ್ಳೆಗೆ ಫಿರಂಗಿ. ಒಂದು ರಾತ್ರಿ ಮಾಡಬಹುದು, ಪ್ರತಿ ರಾತ್ರಿ ಮಾಡಲು ಯಾವ ಸಣ್ಣ ದೇಶದ ಬೊಕ್ಕಸಕ್ಕೂ ಆಗುವುದಿಲ್ಲ.

ಮತ್ತೆ ಸ್ವಿಟ್ಜರ್ಲೆಂಡಿಗೆ. ಎಫ್-35ಕ್ಕೆ ನಿಗದಿತ ಬೆಲೆ, ಒಂದು ಪೈಸೆಯೂ ಏರುವುದಿಲ್ಲ ಎಂದು ಸರ್ಕಾರ ಜನರಿಗೆ ಪದೇಪದೇ ಹೇಳಿತ್ತು. 2025ರ ಜೂನಿನಲ್ಲಿ ಸತ್ಯ ಹೊರಬಿತ್ತು. ನಿಗದಿತ ಬೆಲೆ ಎಂದು ನಾವು ಹೇಳಿಲ್ಲ, ಅದು ನಿಮ್ಮ ತಪ್ಪು ತಿಳುವಳಿಕೆ ಎಂದಿತು ಅಮೆರಿಕ. ಹೆಚ್ಚುವರಿ ಹೊರೆ 65 ಕೋಟಿಯಿಂದ 130 ಕೋಟಿ ಫ್ರಾಂಕ್ ಎಂದು ಅಂದಾಜು. ಅದಾಗಿ ಎರಡು ತಿಂಗಳೊಳಗೆ ಅದೇ ಅಮೆರಿಕ ಸ್ವಿಸ್ ಸರಕಿನ ಮೇಲೆ ಶೇಕಡಾ 39 ಸುಂಕ ಹೇರಿತು. ವ್ಯಾಪಾರ ಬಿಟ್ಟು ಎದ್ದುಬರೋಣವೆಂದರೆ ಕೊಟ್ಟ ಮುಂಗಡ ಹೋಗುತ್ತದೆ, ಹಳೆಯ ವಿಮಾನಗಳ ಆಯುಷ್ಯವೂ ಮುಗಿಯುತ್ತಾ ಬಂದಿದೆ. ಕೊನೆಗೆ ಡಿಸೆಂಬರಿನಲ್ಲಿ ಸರ್ಕಾರ ತೀರ್ಮಾನಿಸಿತು: ಜನ ಒಪ್ಪಿದ್ದು 600 ಕೋಟಿಗೆ, ಆ ದುಡ್ಡಿಗೆ ಎಷ್ಟು ವಿಮಾನ ಬರುತ್ತವೋ ಅಷ್ಟನ್ನೇ ತರುವುದು, 36 ಆಗದಿದ್ದರೂ ಸರಿ.

ನಾನು ಅಲ್ಲಿನ ಮತದಾರಳಾಗಿದ್ದರೆ 2020ರಲ್ಲಿ "ಇಲ್ಲ" ಎಂದು ಹಾಕುತ್ತಿದ್ದೆ. ವಿಮಾನವೇ ಬೇಡವೆಂದಲ್ಲ. ಯಾರ ಪಕ್ಷವನ್ನೂ ಸೇರದ ತಟಸ್ಥ ದೇಶ ತನ್ನ ಆಕಾಶವನ್ನು ತಾನೇ ಕಾಯಬೇಕು, ಪ್ರತಿ ಸಲ ಇಟಲಿಯವರು ಬರಲಿ ಎಂದು ಕೂರಲಾಗದು. ಆದರೆ ಅವರ ಸುತ್ತ ಇರುವವು ಆಸ್ಟ್ರಿಯಾ, ಇಟಲಿ, ಫ್ರಾನ್ಸ್, ಜರ್ಮನಿ. ಆ ಕಾವಲಿಗೆ ರೇಡಾರ್ ಕಣ್ಣಿಗೆ ಬೀಳದೆ ಶತ್ರುವಿನೊಳಗೆ ನುಗ್ಗುವ ವಿಮಾನ ಬೇಕಿಲ್ಲ. ಬೆಳಗಿನ ಆರು ಗಂಟೆಗೂ ಭಾನುವಾರವೂ ಮೇಲೇಳುವ ವಿಮಾನ ಬೇಕು, ಅದನ್ನು ಏರುವ ಜನ ಬೇಕು, ರಿಪೇರಿಯನ್ನು ತಾನೇ ಮಾಡಿಕೊಳ್ಳುವ ಅಧಿಕಾರ ಕಾಗದದಲ್ಲಿ ಬರೆದಿರಬೇಕು. ಮಾದರಿಯ ಹೆಸರು, ಮೂವತ್ತು ವರ್ಷದ ಖರ್ಚು, ಬೆಲೆ ಏರಿದರೆ ಯಾರ ತಲೆಗೆ ಎಂಬ ಷರತ್ತು, ಈ ಮೂರನ್ನೂ ತೋರಿಸಿದ ಮೇಲೆ ಇನ್ನೊಮ್ಮೆ ಮತ ಕೇಳಿ ಎನ್ನುತ್ತಿದ್ದೆ. ಎಫ್-35 ಬೇಡ ಎಂದು ಅಲ್ಲಿ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಅದನ್ನೇ ಕೇಳಿದ್ದರು. ಅವರ ಮನವಿ ಮತಕ್ಕೆ ಬರುವ ಮೊದಲೇ, 2022ರ ಸೆಪ್ಟೆಂಬರಿನಲ್ಲಿ, ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿ ಮುಗಿಸಿತ್ತು.

ನನಗೆ ಕೊಟ್ಟ ಸಮಯ ಮುಗಿಯಿತು. ಪ್ರಶ್ನೆಗಳಿದ್ದರೆ, ವಿರೋಧವಿದ್ದರೂ ಸರಿ, ಈಗ ಕೇಳಿ.