ತೋಟದ ಕೆಲವು ಮಾತುಗಳು



ಕೆಲವು ವರ್ಷಗಳ ಹಿಂದೆ ಮೈಸೂರಿನ ನನ್ನ ಮನೆಯ ಅಂಗಳದಲ್ಲಿ ಸ್ವೀಟ್ ಪೀ ಹೂವಿನ ಬೀಜವನ್ನು ಬಿತ್ತಿದೆನು. ಪೊಟ್ಟಣದ ಮೇಲೆ ‘ಹಾರ್ಡಿ ಆನ್ಯುಯಲ್’ ಎಂದು ಅಚ್ಚಾಗಿದ್ದಿತು. ಇಂಗ್ಲಿಷ್ ಪಾಠ ಹೇಳುವವನಿಗೆ ಈ ಎರಡು ಮಾತುಗಳಿಗಾಗಿ ನಿಘಂಟನ್ನು ತೆರೆಯಬೇಕೆಂದು ತೋರಲಿಲ್ಲ. ಆನ್ಯುಯಲ್ ಎಂದರೆ ವರ್ಷದೊಳಗೆ ಹುಟ್ಟಿ, ಹೂಬಿಟ್ಟು, ಬೀಜ ಕಟ್ಟಿ ಸಾಯುವ ಗಿಡ. ಹಾರ್ಡಿ ಎಂದರೆ ಗಟ್ಟಿಮುಟ್ಟಾದುದು. ಗಟ್ಟಿ ಗಿಡಕ್ಕೆ ಯಾವ ಕಾಲವಾದರೇನೆಂದು ಮಾರ್ಚಿ ತಿಂಗಳಲ್ಲಿಯೇ ಬಿತ್ತಿಬಿಟ್ಟೆನು. ಏಪ್ರಿಲ್ ಮುಗಿಯುವುದರೊಳಗೆ ಪಾತಿಯಲ್ಲಿ ಒಣಗಿದ ಬಳ್ಳಿಗಳ ಹೊರತು ಮತ್ತೇನೂ ಉಳಿಯಲಿಲ್ಲ.

ಹಾರ್ಡಿ ಎಂಬುದು ಹಿಮ ಬೀಳುವ ದೇಶದ ಮಾತು. ಅಲ್ಲಿನ ಕೊರೆಯುವ ಚಳಿಯನ್ನು ಸಹಿಸಬಲ್ಲ ಗಿಡವೆಂದು ಅದರ ಅರ್ಥ. ಬಿಸಿಲಿನ ವಿಚಾರ ಅದರಲ್ಲಿ ಇಲ್ಲವೇ ಇಲ್ಲ. ಈ ಬೀಜವನ್ನು ನಮ್ಮಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಸುಮಾರಿನಲ್ಲಿ ಬಿತ್ತಿದರೆ ಚಳಿಗಾಲದಲ್ಲಿ ಹೂ ಕಾಣಬಹುದು. ಆನ್ಯುಯಲ್ ಎಂಬ ಮಾತನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ಮೆಣಸಿನಕಾಯಿ ಗಿಡಕ್ಕೆ 1753ರಲ್ಲಿ ಲಿನೇಯಸ್ ಪಂಡಿತನು ಇಟ್ಟ ಹೆಸರು ಕ್ಯಾಪ್ಸಿಕಮ್ ಆನ್ಯುವಮ್, ಎಂದರೆ ವರ್ಷಾಯುವಾದುದು. ಆತನ ಸ್ವೀಡನ್ ದೇಶದಲ್ಲಿ ಬಯಲಿನ ಮೆಣಸಿನ ಗಿಡವನ್ನು ಚಳಿಯೇ ಕೊಲ್ಲುತ್ತದೆ. ನಮ್ಮ ಹಿತ್ತಲಿನಲ್ಲಾದರೋ, ರೆಂಬೆಗಳನ್ನು ಸವರಿ ಗೊಬ್ಬರ ಕೊಟ್ಟರೆ ಅದೇ ಗಿಡವು ಎರಡು ಮೂರು ವರ್ಷ ಕಾಯಿ ಬಿಡುವುದುಂಟು.

ಇಂಗ್ಲಿಷ್ ಮಾತುಗಳಲ್ಲಿ ಹೀಗೆ ಎಡವಿದವನು, ನಮ್ಮವೇ ಆದ ಮಾತುಗಳನ್ನಾದರೂ ಬಲ್ಲೆನೆಂದುಕೊಂಡಿದ್ದೆನು. ಬೀಜ ಬಿತ್ತಿ ಎಳೆಯ ಸಸಿಗಳನ್ನು ಒತ್ತಾಗಿ ಬೆಳೆಸುವ ತಾಣ ಒಟ್ಲುಪಾತಿ; ಅಲ್ಲಿಂದ ಕಿತ್ತು ಅಂತರ ಬಿಟ್ಟು ನೆಡುವುದು ನಾಟಿ. ಇಷ್ಟು ಸುಲಭ. ‘ಹದ’ ಎಂಬುದು ಮಾತ್ರ ಅಷ್ಟು ಸುಲಭವಲ್ಲ. ಮಳೆಯ ಮರುದಿನವೇ ನಾನು ಗುದ್ದಲಿ ಹಿಡಿದಾಗ, ತೋಟದ ಕೆಲಸಕ್ಕೆ ಬರುತ್ತಿದ್ದ ಮುದುಕರೊಬ್ಬರು, “ಈಗ ಬೇಡಿ ಸ್ವಾಮಿ, ಹದ ಬಂದಿಲ್ಲ” ಎಂದರು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿ ತೋರಿಸಿದರು. ಉಂಡೆ ಕಟ್ಟದಿದ್ದರೆ ಮಣ್ಣು ಒಣಗಿದೆ. ಕೈಗೆ ಮೆತ್ತಿದರೆ ನೀರು ಹೆಚ್ಚಿದೆ. ಉಂಡೆ ಕಟ್ಟಿ, ಬೆರಳು ತಾಕಿದೊಡನೆ ಉದುರಿದರೆ ಅದೇ ಹದ. ಹದ ತಪ್ಪಿ ಅಗೆದ ಜೇಡಿಮಣ್ಣಿನ ಹೆಂಟೆಗಳು ಒಣಗಿದ ಮೇಲೆ ಇಟ್ಟಿಗೆಯಂತಾಗುವುವು. ಈ ಒಂದು ಮಾತಿಗೆ ಸಾಟಿಯಾದ ಇಂಗ್ಲಿಷ್ ಪದವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಇನ್ನು ಕಸಿ. ಗುಲಾಬಿಗೆ ಬಹುಮಟ್ಟಿಗೆ ಮಾಡುವುದು ಕಣ್ಣುಕಸಿ: ಬೇಕಾದ ಜಾತಿಯ ಒಂದು ಕಣ್ಣನ್ನು, ಎಂದರೆ ಎಳೆಯ ಮೊಗ್ಗನ್ನು, ತೊಗಟೆಯ ಸಮೇತ ಬಿಡಿಸಿ, ಬೇರು ಬಲವಾದ ಮತ್ತೊಂದು ಗುಲಾಬಿಯ ತೊಗಟೆಯೊಳಗೆ ಕೂರಿಸಿ ಕಟ್ಟುವರು. ಗಂಟಿನ ಮೇಲಿನದು ಒಂದು ಜಾತಿ, ಕೆಳಗಿನದು ಇನ್ನೊಂದು. ಇದನ್ನರಿಯದೆ, ಗಂಟಿನ ಕೆಳಗಿನಿಂದ ಹೊರಟ ಚಿಗುರುಗಳ ಹುರುಪನ್ನು ಕಂಡು ಹಿಗ್ಗಿ, ಸೊರಗಿದಂತೆ ತೋರಿದ ಮೇಲಿನ ಕೊಂಬೆಯನ್ನೇ ಕತ್ತರಿಸಿಹಾಕಿದೆನು. ನಾನು ಕೊಂಡುತಂದದ್ದು ದೊಡ್ಡ ಕೆಂಪು ಹೂವಿನ ಗಿಡ. ಮುಂದೆ ಅದರಲ್ಲಿ ಅರಳಿದುವು ಕಿರಿದಾದ, ಬಣ್ಣಗೆಟ್ಟ ಹೂಗಳು. ಮುದುಕರು ನೋಡಿ, “ಇಷ್ಟು ದಿವಸ ಯಾರ ಮಗುವನ್ನು ಸಾಕಿದಿರಿ ಸ್ವಾಮಿ?” ಎಂದು ನಕ್ಕರು.

ಈಗ ಹೊಸ ಗಿಡ ತಂದೊಡನೆ ಗಂಟಿನ ಬಳಿ ಒಂದು ಕೆಂಪು ದಾರವನ್ನು ಸಡಿಲವಾಗಿ ಕಟ್ಟಿಡುತ್ತೇನೆ. ದಾರದ ಕೆಳಗೆ ಹೊರಟ ಚಿಗುರನ್ನು ಎಳೆಯದಿರುವಾಗಲೇ ಬುಡಸಹಿತ ಕಿತ್ತುಹಾಕುತ್ತೇನೆ.