ಮಾಹಿತಿ ಕಳೆದುಕೊಳ್ಳದೆ ಡಿಸ್ಕ್ ಸಮೂಹ ವಿಸ್ತರಿಸುವುದು ಹೇಗೆ?

(ಸಂಘದ ವಾರ್ಷಿಕ ಸಭೆಯ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿವೇತನದ ಅರ್ಜಿಗಳು, ಅಂಕಪಟ್ಟಿಯ ಪ್ರತಿಗಳು, ಲೆಕ್ಕಪತ್ರ, ಸಮಾರಂಭಗಳ ಫೋಟೋಗಳು - ಒಂದು ಕಾಲದಲ್ಲಿ ಕಬ್ಬಿಣದ ಬೀರುವಿನಲ್ಲಿದ್ದ ಇವೆಲ್ಲ ಇಂದು ಕಂಪ್ಯೂಟರಿಗೆ ಬಂದಿವೆ. ಬೀರು ತುಂಬಿದರೆ ಇನ್ನೊಂದು ಬೀರು ತರಬಹುದು. ಡಿಸ್ಕ್ ತುಂಬಿದರೆ? ಒಳಗಿರುವ ಒಂದು ಕಾಗದವೂ ಕಳೆಯದಂತೆ ಜಾಗ ಹೆಚ್ಚಿಸುವುದು ಹೇಗೆ ಎಂಬುದೇ ನನ್ನ ಇಂದಿನ ವಿಷಯ.

1988ರಲ್ಲಿ ಅಮೆರಿಕದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ ಎಂಬ ಮೂವರು ಒಂದು ಪ್ರಬಂಧ ಮಂಡಿಸಿದರು. ಅಗ್ಗದ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕಿನಂತೆ ಬಳಸುವ ಈ ವಿಧಾನಕ್ಕೆ ‘ರೇಡ್’ ಎಂದು ಹೆಸರು. ಲಿನಕ್ಸ್‌ನಲ್ಲಿ ಇದಕ್ಕೆ ದುಬಾರಿ ಕಾರ್ಡ್ ಬೇಕಿಲ್ಲ. ‘ಎಂಡಿಆಡ್ಮ್’ ಎಂಬ ಉಚಿತ ತಂತ್ರಾಂಶವೇ ಸಾಕು.

ರೇಡ್-5ರ ಗುಟ್ಟು ಸರಳ. ಮೂರು ಡಿಸ್ಕ್‌ಗಳಿವೆ ಎಂದುಕೊಳ್ಳಿ. ಒಂದರಲ್ಲಿ 1, ಇನ್ನೊಂದರಲ್ಲಿ 0 ಇದ್ದರೆ, ಒಟ್ಟು ಒಂದುಗಳ ಸಂಖ್ಯೆ ಸಮವಾಗುವಂತೆ ಮೂರನೆಯದರಲ್ಲಿ 1 ಬರೆಯಲಾಗುತ್ತದೆ. ಈ ತಾಳೆಯ ಅಂಕಿಯೇ ‘ಪ್ಯಾರಿಟಿ’. ಯಾವ ಒಂದು ಡಿಸ್ಕ್ ಕೆಟ್ಟರೂ ಉಳಿದೆರಡನ್ನು ನೋಡಿ ಕಳೆದುಹೋದದ್ದನ್ನು ಲೆಕ್ಕಹಾಕಬಹುದು. ತಾಳೆಯ ಅಂಕಿಗಳಿಗೆ ಒಂದು ಡಿಸ್ಕಿನಷ್ಟು ಜಾಗ ಹೋಗುತ್ತದೆ. ಆದ್ದರಿಂದ 1 ಟೆರಾಬೈಟಿನ ಮೂರು ಡಿಸ್ಕ್‌ಗಳಿದ್ದರೆ ಬಳಕೆಗೆ ಸಿಗುವುದು 2 ಟೆರಾಬೈಟ್, ನಾಲ್ಕಾದರೆ 3.

ಮೂರನ್ನು ನಾಲ್ಕು ಮಾಡುವುದೆಂದರೆ ಪಕ್ಕದಲ್ಲಿ ಒಂದು ಡಿಸ್ಕ್ ಇಟ್ಟಂತಲ್ಲ. ಮೂರು ಸಾಲಿನಲ್ಲಿ ಕುಳಿತ ಇಡೀ ಸಭೆಯನ್ನು ನಾಲ್ಕು ಸಾಲಿಗೆ ಎಬ್ಬಿಸಿ ಕೂರಿಸಿದಂತೆ. ಬಹುತೇಕ ಪ್ರತಿಯೊಂದು ಅಕ್ಷರವೂ ಜಾಗ ಬದಲಿಸುತ್ತದೆ, ಪ್ರತಿ ಪ್ಯಾರಿಟಿಯನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. 2006ರಲ್ಲಿ ಬಂದ ಲಿನಕ್ಸ್ 2.6.17ರಿಂದ ಈ ಕೆಲಸ ಕಂಪ್ಯೂಟರ್ ನಡೆಯುತ್ತಿರುವಾಗಲೇ ಸಾಧ್ಯವಾಗಿದೆ.

ಕ್ರಮವನ್ನು ಗಮನಿಸಿ. ಮೊದಲು ಎಲ್ಲ ಮಾಹಿತಿಯ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಕೆಲವು ಕಡತಗಳನ್ನು ತೆರೆದು ನೋಡಿ. ಎರಡನೆಯದಾಗಿ, ಹಳೆಯ ಡಿಸ್ಕ್‌ಗಳನ್ನು ಪೂರ್ತಿ ಓದಿಸಿ ತಪಾಸಣೆ ಮಾಡಿ. ಕೆಟ್ಟ ಡಿಸ್ಕನ್ನು ಇಟ್ಟುಕೊಂಡು ವಿಸ್ತರಣೆಗೆ ಕೈಹಾಕಬಾರದು. ಮೂರನೆಯದಾಗಿ, ಹೊಸ ಡಿಸ್ಕನ್ನು ‘ಆಡ್’ ಆದೇಶದಿಂದ ಸೇರಿಸಿ. ಅದು ಹಳೆಯವುಗಳಿಗಿಂತ ಚಿಕ್ಕದಿರಬಾರದು. ನಾಲ್ಕನೆಯದಾಗಿ, ‘ಗ್ರೋ’ ಆದೇಶದಿಂದ ಡಿಸ್ಕ್‌ಗಳ ಸಂಖ್ಯೆ ನಾಲ್ಕು ಎಂದು ತಿಳಿಸಿ. ತಂತ್ರಾಂಶವು ತಾತ್ಕಾಲಿಕ ಕಡತವೊಂದನ್ನು ಕೇಳಿದರೆ ಅದನ್ನು ಇದೇ ಸಮೂಹದಲ್ಲಿ ಇಡಬೇಡಿ. ನಂತರ ತಾಳ್ಮೆ ಬೇಕು. ಸೆಕೆಂಡಿಗೆ 30 ಮೆಗಾಬೈಟ್ ವೇಗವಿದ್ದರೆ 1 ಟೆರಾಬೈಟಿನ ಡಿಸ್ಕ್‌ಗೆ 9 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ತಂತ್ರಾಂಶ ಡಿಸ್ಕಿನಲ್ಲೇ ಬರೆದಿಡುವುದರಿಂದ ಕರೆಂಟ್ ಹೋದರೂ ಅಲ್ಲಿಂದ ಮುಂದುವರಿಯಬಲ್ಲದು. ಆದರೂ ಯುಪಿಎಸ್ ಇರಲಿ. ಕೊನೆಯದಾಗಿ, ಫೈಲ್ ಸಿಸ್ಟಮ್ಮನ್ನು ಬೇರೆಯಾಗಿ ಹಿಗ್ಗಿಸಬೇಕು. ಇಲ್ಲದಿದ್ದರೆ ಕೋಣೆ ಕಟ್ಟಿಸಿ ಬಾಗಿಲು ಇಡಲು ಮರೆತಂತಾಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯೊಂದರಲ್ಲಿ, ಅವಸರದಲ್ಲಿ ‘ಗ್ರೋ’ ಎನ್ನುವ ಬದಲು ಹೊಸ ಸಮೂಹ ಕಟ್ಟುವ ‘ಕ್ರಿಯೇಟ್’ ಆದೇಶ ಕೊಟ್ಟೆ. ಈ ಡಿಸ್ಕ್‌ಗಳು ಆಗಲೇ ಒಂದು ಸಮೂಹದಲ್ಲಿವೆ, ಮುಂದುವರಿಯಲೇ ಎಂದು ಕಂಪ್ಯೂಟರ್ ಕೇಳಿತು. ಓದದೆ ‘ಹೌದು’ ಎಂದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಕಡತವೂ ತೆರೆಯದಾಯಿತು. ಆ ರಾತ್ರಿ ನನ್ನನ್ನು ಕಾಪಾಡಿದ್ದು ರೇಡ್ ಅಲ್ಲ, ಹಿರಿಯ ಗುಮಾಸ್ತರೊಬ್ಬರು ತಿಂಗಳಿಗೊಮ್ಮೆ ಬೇರೆ ಡಿಸ್ಕಿಗೆ ಪ್ರತಿ ತೆಗೆದು ಬೀರುವಿನಲ್ಲಿ ಇಡುತ್ತಿದ್ದ ಅಭ್ಯಾಸ. ಪ್ರತಿಗೆ ಮೂರು ವಾರವಾಗಿತ್ತು. ಆ ಮೂರು ವಾರದ ಲೆಕ್ಕವನ್ನು ರಸೀದಿ ನೋಡಿ ಇಬ್ಬರೂ ಕುಳಿತು ಮತ್ತೆ ಟೈಪ್ ಮಾಡಿದೆವು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದಕ್ಕೇ ಇಂದಿಗೂ ಮರೆತಿಲ್ಲ.

ಮಿತ್ರರೇ, ರೇಡ್ ನಮ್ಮನ್ನು ಒಂದು ಡಿಸ್ಕಿನ ಸಾವಿನಿಂದ ಕಾಪಾಡುತ್ತದೆ. ನಮ್ಮ ಕೈತಪ್ಪಿನಿಂದ ಅಲ್ಲ. ಅಳಿಸಿದ ಕಡತ ಎಲ್ಲ ಡಿಸ್ಕ್‌ಗಳಿಂದಲೂ ಅಳಿಯುತ್ತದೆ. ಸಿಡಿಲು, ಕಳ್ಳತನ, ವೈರಸ್ ಇವುಗಳ ಮುಂದೆಯೂ ಅದು ನಿಲ್ಲದು. ಬಡ ವಿದ್ಯಾರ್ಥಿಯೊಬ್ಬ ನಂಬಿ ಕೊಟ್ಟ ಅರ್ಜಿ ನಮ್ಮ ಡಿಸ್ಕಿನಲ್ಲಿದೆ. ಅದು ಕಳೆದರೆ ಅವನ ಒಂದು ವರ್ಷ ಕಳೆಯಬಹುದು. ಆದ್ದರಿಂದ ನಿಮ್ಮಲ್ಲಿ ಯಾರೇ ಮುಂದೆ ಕಂಪ್ಯೂಟರ್ ಕೆಲಸಕ್ಕೆ ಹೋದರೂ ಎರಡು ಮಾತು ನೆನಪಿಡಿ: ಪ್ರತಿ ತೆಗೆಯದೆ ವಿಸ್ತರಿಸಬೇಡಿ, ಓದದೆ ‘ಹೌದು’ ಎನ್ನಬೇಡಿ.